ನಗಿಸುತ್ತಲೇ ದ್ವೇಷ ಹಂಚುವ ಮೀಮ್‌ಗಳು: ವಯನಾಡಿನಿಂದ ಉದಯಗಿರಿಯವರೆಗೆ

ಕೇರಳದ ವಯನಾಡ್ ಜಿಲ್ಲೆಯ ಕೊಳವಳ್ಳಿ ಕರ್ನಾಟಕದ ಗಡಿಗೆ ಅಂಟಿಕೊಂಡ ಊರು. ಈ ಗಡಿಯಲ್ಲಿ ಸರಕಿನ ಗಾಡಿಗೆ ಚೆಕ್‌ಪೋಸ್ಟ್ ಇದೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನಗಳಿಗೆ ನಿರ್ಬಂಧವೂ ಇದೆ. ಮೊಬೈಲ್‌ನಲ್ಲಿ ಬರುವ ಚಿತ್ರಕ್ಕೆ ಮಾತ್ರ ಯಾವ ಗೇಟೂ ಇಲ್ಲ.

2019ರ ಎಪ್ರಿಲ್ 4ರಂದು ರಾಹುಲ್ ಗಾಂಧಿ ಕಲ್ಪೆಟ್ಟದಲ್ಲಿ ನಾಮಪತ್ರ ಸಲ್ಲಿಸಿದರು. ಮೆರವಣಿಗೆಯಲ್ಲಿ ಮಿತ್ರಪಕ್ಷವಾದ ಮುಸ್ಲಿಮ್ ಲೀಗ್‌ನ ಹಸಿರು ಬಾವುಟಗಳೂ ಇದ್ದವು. ಅವು ಪಾಕಿಸ್ತಾನದ ಬಾವುಟಗಳು ಎಂಬ ಸುಳ್ಳು ದೇಶವಿಡೀ ಹರಿದಾಡಿತು. ನೋಡಿದರೆ ವ್ಯತ್ಯಾಸ ಸರಳ. ಪಾಕಿಸ್ತಾನದ ಬಾವುಟದಲ್ಲಿ ಕೋಲಿನ ಬದಿಗೆ ಬಿಳಿ ಪಟ್ಟಿ ಇರುತ್ತದೆ, ಲೀಗ್ ಬಾವುಟದಲ್ಲಿ ಅದು ಇಲ್ಲ. ಆದರೆ ತಮಾಷೆಯ ಚಿತ್ರವನ್ನು ಯಾರು ಅಷ್ಟು ಗಮನವಿಟ್ಟು ನೋಡುತ್ತಾರೆ? ಕೆಲವೇ ದಿನಗಳಲ್ಲಿ ನಾಗ್ಪುರದ ಸಭೆಯಲ್ಲಿ ಅಮಿತ್ ಶಾ ಕೂಡಾ, ಆ ಮೆರವಣಿಗೆ ನೋಡಿದರೆ ಭಾರತವೋ ಪಾಕಿಸ್ತಾನವೋ ಗೊತ್ತಾಗುವುದಿಲ್ಲ ಎಂದರು.

ಇದರ ಪರಿಣಾಮ ಐದು ವರ್ಷಗಳ ನಂತರ ಕಂಡಿತು. 2024ರ ಎಪ್ರಿಲ್ 3ರಂದು ಅದೇ ಕಲ್ಪೆಟ್ಟದಲ್ಲಿ ರಾಹುಲ್ ರೋಡ್ ಶೋ ನಡೆಯಿತು. ಅಲ್ಲಿ ಲೀಗ್ ಬಾವುಟವೂ ಇರಲಿಲ್ಲ, ಕಾಂಗ್ರೆಸ್ ಬಾವುಟವೂ ಇರಲಿಲ್ಲ. ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಇದನ್ನು ಬಹಿರಂಗವಾಗಿಯೇ ಪ್ರಶ್ನಿಸಿದರು. 1948ರಿಂದ ಇರುವ ಒಂದು ಪಕ್ಷದ ಬಾವುಟ ತನ್ನದೇ ನೆಲದಲ್ಲಿ ಮಡಚಿ ಒಳಗೆ ಹೋಯಿತು. ಮೀಮ್ ಅಂದ್ರೆ ಬರೀ ಜೋಕ್ ಎನ್ನುವವರಿಗೆ ಇದೊಂದೇ ಉದಾಹರಣೆ ಸಾಕು.

ಇದು ಕೆಲಸ ಮಾಡುವ ಬಗೆ ಹೀಗೆ. ಮೊದಲು ಎಲ್ಲರಿಗೂ ಪರಿಚಯವಿರುವ ಒಂದು ಚಿತ್ರ ಬೇಕು: ಸಿನಿಮಾ ದೃಶ್ಯವೋ ಕಾರ್ಟೂನೋ. ನಾಲ್ಕು ಸಲ ಅದು ನಿಜಕ್ಕೂ ನಗಿಸುತ್ತದೆ. ಐದನೇ ಸಲ ಅದೇ ಚಿತ್ರದೊಳಗೆ ಟೋಪಿ, ಬುರ್ಖಾ, ಗಡ್ಡ ಬಂದು ಕೂರುತ್ತದೆ. ಕಳಿಸಿದವನನ್ನು ಕೇಳಿದರೆ 'ತಮಾಷೆ ಮಾರಾಯ' ಅನ್ನುತ್ತಾನೆ. ದ್ವೇಷ ಭಾಷಣವನ್ನು ಹಂಚಲು ಹಿಂಜರಿಯುವವನೂ ಮೀಮನ್ನು ಸಲೀಸಾಗಿ ದಾಟಿಸುತ್ತಾನೆ. ಅಮೆರಿಕದಲ್ಲಿ ಮ್ಯಾಟ್ ಫ್ಯೂರಿ 2005ರಲ್ಲಿ ಬರೆದ 'ಪೆಪೆ' ಎಂಬ ಪಾಪದ ಕಪ್ಪೆಗೂ ಇದೇ ಗತಿ ಬಂತು. ಜನಾಂಗ ದ್ವೇಷಿಗಳು ಅದನ್ನು ಎಷ್ಟು ಬಳಸಿದರೆಂದರೆ, 2016ರಲ್ಲಿ ಅಲ್ಲಿನ ಯಹೂದಿ ಸಂಸ್ಥೆಯೊಂದು ಅದನ್ನು ದ್ವೇಷದ ಚಿಹ್ನೆಗಳ ಪಟ್ಟಿಗೆ ಸೇರಿಸಿತು.

ನಮ್ಮ ರಾಜ್ಯಕ್ಕೆ ಬರೋಣ. 2024ರ ಮೇ 4ರಂದು ಕರ್ನಾಟಕ ಬಿಜೆಪಿ ಒಂದು ಕಾರ್ಟೂನ್ ವೀಡಿಯೊ ಹಾಕಿತು. ಎಸ್‌ಸಿ, ಎಸ್‌ಟಿ, ಒಬಿಸಿ ಮೊಟ್ಟೆಗಳಿರುವ ಗೂಡಿಗೆ ಮುಸ್ಲಿಮ್ ಮೊಟ್ಟೆಯೊಂದನ್ನು ತಂದಿಟ್ಟು, ಅನುದಾನವನ್ನೆಲ್ಲ ಅದೇ ಮರಿಗೆ ತಿನ್ನಿಸುವ ಕಥೆ ಅದು. ಅದನ್ನು ತೆಗೆಯುವಂತೆ ಚುನಾವಣಾ ಆಯೋಗ ಎಕ್ಸ್ ಸಂಸ್ಥೆಗೆ ಹೇಳಿದ್ದು ಮೇ 7ರಂದು. ಅಂದು ರಾಜ್ಯದಲ್ಲಿ ಎರಡನೇ ಹಂತದ ಮತದಾನದ ದಿನ! ಅಷ್ಟರಲ್ಲಿ ಅದು ಎಷ್ಟೋ ಫೋನ್‌ಗಳನ್ನು ತಲುಪಿಯಾಗಿತ್ತು.

ಇನ್ನೊಂದು ಪಾಠ ಮೈಸೂರಿನದ್ದು. 2025ರ ಫೆಬ್ರವರಿಯಲ್ಲಿ ದಿಲ್ಲಿ ಚುನಾವಣಾ ಫಲಿತಾಂಶ ಬಂದ ಮೇಲೆ, ಸೋತ ನಾಯಕರನ್ನು ಅರೆಬೆತ್ತಲೆಯಾಗಿ ತೋರಿಸುವ ಚಿತ್ರವೊಂದು ಬಂತು. ಅದರ ಮೇಲೆ ಮುಸ್ಲಿಮರ ಭಾವನೆಗೆ ನೋವಾಗುವ ಬರಹವೂ ಇತ್ತು. ಹಾಕಿದವನನ್ನು ಪೊಲೀಸರು ಹಿಡಿದಿದ್ದರು. ಆದರೂ 10ರ ರಾತ್ರಿ ಉದಯಗಿರಿ ಠಾಣೆಯ ಮುಂದೆ ಜನ ಸೇರಿದರು, ಕಲ್ಲು ಬಿತ್ತು, ಪೊಲೀಸರಿಗೆ ಗಾಯವಾಯಿತು, ಅಶ್ರುವಾಯು ಸಿಡಿಯಿತು. ನಂತರ ಹಲವರ ಬಂಧನವಾಯಿತು. ಸುದ್ದಿಯಲ್ಲಿ ಆ ಚಿತ್ರ ಹಿಂದೆ ಸರಿಯಿತು, ಕಲ್ಲು ಮಾತ್ರ ಉಳಿಯಿತು. ಕೆಣಕುವವನಿಗೆ ಬೇಕಾದ್ದೂ ಅದೇ.

ಹಾಗಂತ ರಾಜಕಾರಣಿಗಳನ್ನು ಗೇಲಿ ಮಾಡುವುದೆಲ್ಲ ದ್ವೇಷವಲ್ಲ. ಒಂದು ಪರೀಕ್ಷೆ ಇದೆ: ಜೋಕನ್ನು ತೆಗೆದುಬಿಡಿ, ಏನು ಉಳಿಯುತ್ತದೆ ನೋಡಿ. ಒಬ್ಬ ನಾಯಕನ ಕೆಲಸದ ಟೀಕೆ ಉಳಿದರೆ ಅದು ವಿಡಂಬನೆ. ಒಂದು ಸಮುದಾಯದ ಹುಟ್ಟು, ಉಡುಪು, ಆರಾಧನೆಯ ಅವಮಾನ ಉಳಿದರೆ ಅದು ದ್ವೇಷ. ನಮ್ಮ ಗ್ರೂಪ್‌ಗಳಲ್ಲಿ ಬೇರೆ ಧರ್ಮದವರ ಬಗ್ಗೆ ಬರುವ ಮೀಮ್‌ಗಳಿಗೂ ಇದೇ ಅಳತೆ.

ಇಂಥದ್ದು ಬಂದಾಗ 'ನೋಡಿ ಹೇಗೆ ಹಾಕಿದ್ದಾರೆ' ಅಂತ ಕೂಡಾ ಫಾರ್ವರ್ಡ್ ಮಾಡಬೇಡಿ. ಖಂಡಿಸಲು ಹಂಚಿದರೂ ಅದು ಇನ್ನಷ್ಟು ಜನರನ್ನು ತಲುಪುತ್ತದೆ. ಲಿಂಕ್, ಖಾತೆಯ ಹೆಸರು, ದಿನಾಂಕ ಕಾಣುವ ಸ್ಕ್ರೀನ್‌ಶಾಟ್ ತೆಗೆದಿಟ್ಟು ಠಾಣೆಗೆ ಲಿಖಿತ ದೂರು ಕೊಡಿ. ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 299ನೇ ಕಲಮುಗಳಲ್ಲಿ 3 ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಕಳಿಸಿದವನು ಪರಿಚಯದವನಾದರೆ ಗ್ರೂಪ್‌ನಲ್ಲಿ ಜಗಳ ಬೇಡ. ಫೋನ್ ಮಾಡಿ, 'ಇದರಲ್ಲಿ ನಗುವಂಥದ್ದು ಏನಿದೆ, ಸ್ವಲ್ಪ ಬಿಡಿಸಿ ಹೇಳು' ಎಂದು ಕೇಳಿ. ಹೆಚ್ಚಿನವರಿಗೆ ಉತ್ತರ ಇರುವುದಿಲ್ಲ.