ಸಕ್ಕರೆ ಹೂ ಮತ್ತು ಕೇಕ್ ಅಲಂಕಾರಕ್ಕೆ ನೈಸರ್ಗಿಕ ಬಣ್ಣದ ಪುಡಿಗಳು

ಕೇಕ್‌ಗಳ ಮೇಲೆ ಇರಿಸುವ ಸಕ್ಕರೆ ಹೂಗಳಿಗೆ ಒಣ ಪುಡಿಯಿಂದ ಬಣ್ಣ ನೀಡಲಾಗುತ್ತದೆ. ಬೀಟ್‌ರೂಟ್ ಮತ್ತು ಸೊಪ್ಪಿನ ಬಣ್ಣಗಳು ಶಾಖ ಹಾಗೂ ನೀರಿನಲ್ಲಿ ಬೇಗ ಕೆಡುತ್ತವೆ. ಒಣಗಿದ ಸಕ್ಕರೆ ಹೂವಿಗೆ ಇವೆರಡರ ಸಂಪರ್ಕವೂ ಅತ್ಯಲ್ಪ. ಆದುದರಿಂದ ರೈತ ಮಹಿಳೆಯರು ತಯಾರಿಸುವ ತರಕಾರಿ ಪುಡಿಗಳಿಗೆ ಇದು ಸೂಕ್ತ ಬಳಕೆಯಾಗಿದೆ.

ಸುರಕ್ಷತೆ ಮೊದಲು

ಅಲಂಕಾರಿಕ ಪುಡಿಗಳೆಲ್ಲವೂ ತಿನ್ನಲು ಯೋಗ್ಯವಲ್ಲ. ‘ವಿಷರಹಿತ’ ಎಂದು ಬರೆದ ಮಾತ್ರಕ್ಕೆ ಅದು ಖಾದ್ಯವಾಗುವುದಿಲ್ಲ. 2018ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಹೊಳಪಿನ ಪುಡಿ ಬಳಿದ ಹುಟ್ಟುಹಬ್ಬದ ಕೇಕ್ ತಿಂದು ಆರು ಮಕ್ಕಳು ವಾಂತಿ, ಭೇದಿಯಿಂದ ಬಳಲಿದರು. ಆ ಪುಡಿ ಬಹುಪಾಲು ತಾಮ್ರವಾಗಿತ್ತು. ಕರ್ನಾಟಕದಲ್ಲಿಯೂ 2024ರ ಮಾರ್ಚ್‌ನಲ್ಲಿ ಆಹಾರದಲ್ಲಿ ರೋಡಮೈನ್-ಬಿ ಬಣ್ಣದ ಬಳಕೆಯ ವಿರುದ್ಧ ಕ್ರಮ ಕೈಗೊಳ್ಳಲಾಯಿತು. ಪೂಜೆಯ ಕುಂಕುಮ, ರಂಗೋಲಿ ಪುಡಿ ಹಾಗೂ ಕರಕುಶಲ ಬಣ್ಣಗಳನ್ನು ತಿನಿಸಿಗೆ ಬಳಸಲೇಬಾರದು.

ಪುಡಿ ತಯಾರಿಕೆ

• ಗುಲಾಬಿ: ಬೀಟ್‌ರೂಟ್ ಸಿಪ್ಪೆ ತೆಗೆದು, ತೆಳುವಾಗಿ ಹೆಚ್ಚಿ, 50–60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿರಿ. 10 ಕಿ.ಗ್ರಾಂ ಹೋಳಿನಿಂದ ಸುಮಾರು ಒಂದೂಕಾಲು ಕಿ.ಗ್ರಾಂ ಪುಡಿ ದೊರೆಯುತ್ತದೆ.
• ಹಸಿರು: ನುಗ್ಗೆ ಅಥವಾ ಪಾಲಕ್ ಸೊಪ್ಪನ್ನು ತೊಳೆದು ನೆರಳಿನಲ್ಲಿ ಒಣಗಿಸಿರಿ.
• ಹಳದಿ: ಶುದ್ಧ ಅರಿಶಿನ ಪುಡಿ.
• ನೀಲಿ: ಶಂಖಪುಷ್ಪದ ಒಣ ಎಸಳು.

ಇವೆಲ್ಲವನ್ನೂ ನುಣ್ಣಗೆ ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ತರಿಯಿದ್ದರೆ ಎಸಳಿನ ಮೇಲೆ ಚುಕ್ಕೆಗಳು ಮೂಡುತ್ತವೆ. ಗಾಳಿಯಾಡದ, ಬೆಳಕು ತಾಗದ ಡಬ್ಬಿಯಲ್ಲಿ ಸಂಗ್ರಹಿಸಿರಿ.

ಬಳಸುವ ವಿಧಾನ

1. ಸಕ್ಕರೆ ಹೂವನ್ನು ಕನಿಷ್ಠ ಒಂದು ದಿನ ನೆರಳಿನಲ್ಲಿ ಒಣಗಿಸಿರಿ. ಮಳೆಗಾಲದಲ್ಲಿ ಹೆಚ್ಚು ಕಾಲ ಬೇಕಾಗುತ್ತದೆ.
2. ಮೃದುವಾದ ಒಣ ಬ್ರಷ್‌ನಲ್ಲಿ ಸ್ವಲ್ಪವೇ ಪುಡಿ ತೆಗೆದುಕೊಂಡು, ಕೊಡವಿ, ಹೂವಿನ ನಡುವಿನಿಂದ ಅಂಚಿನ ಕಡೆಗೆ ಸವರಿರಿ. ನಡುವೆ ಗಾಢವಾಗಿ, ಅಂಚಿನಲ್ಲಿ ತಿಳಿಯಾಗಿದ್ದರೆ ಹೂವು ಸಹಜವಾಗಿ ಕಾಣುತ್ತದೆ.
3. ತಿಳಿ ಬಣ್ಣ ಬೇಕಾದಲ್ಲಿ ಕಾರ್ನ್‌ಫ್ಲೋರ್ ಬೆರೆಸಿರಿ. ಪುಡಿಯನ್ನು ನೀರಿನಲ್ಲಿ ಕಲಸಿ ಬಳಿಯಬೇಡಿರಿ, ಸಕ್ಕರೆ ಕರಗುತ್ತದೆ.
4. ಬಣ್ಣ ಹಿಡಿಯಲು ಹೂವನ್ನು ಹಬೆಯಿಂದ ತುಸು ದೂರದಲ್ಲಿ 2–3 ಸೆಕೆಂಡು ಮಾತ್ರ ಹಿಡಿದು, ಪುನಃ ಒಣಗಿಸಿರಿ.
5. ಕೆನೆ ಬಳಿದ ಕೇಕ್ ಮೇಲೆ ಹೂವನ್ನು ಕೊನೆಯ ಗಳಿಗೆಯಲ್ಲಿ ಇರಿಸಿರಿ. ತೇವ ತಗುಲಿದರೆ ಬಣ್ಣ ಹರಡುತ್ತದೆ.

ಗಮನಿಸಬೇಕಾದ ಅಂಶಗಳು

ಬೀಟ್‌ರೂಟ್ ಪುಡಿಯನ್ನು ಹಿಟ್ಟಿಗೆ ಬೆರೆಸಿ ಬೇಯಿಸಿದರೆ ಕೇಕ್ ಕಂದು ಬಣ್ಣಕ್ಕೆ ತಿರುಗಬಹುದು. ಅಡುಗೆ ಸೋಡಾ ತಗುಲಿದರೆ ಅರಿಶಿನ ಕೆಂಪಾಗುತ್ತದೆ. ನಿಂಬೆರಸ ತಗುಲಿದರೆ ಶಂಖಪುಷ್ಪದ ನೀಲಿ ನೇರಳೆಯಾಗುತ್ತದೆ. ಬಿಸಿಲಿನಲ್ಲಿಟ್ಟ ಹೂಗಳು ಬಣ್ಣಗೆಡುತ್ತವೆ. ರಾಸಾಯನಿಕ ಬಣ್ಣದಷ್ಟು ಗಾಢತೆಯನ್ನು ಈ ಪುಡಿಗಳು ನೀಡುವುದಿಲ್ಲವೆಂಬುದನ್ನು ಗ್ರಾಹಕರಿಗೆ ಮೊದಲೇ ತಿಳಿಸಿರಿ.

ಮಾರಾಟಕ್ಕೆ ಮುನ್ನ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಪಡೆದು, ಪೊಟ್ಟಣದ ಮೇಲೆ ಘಟಕಾಂಶ, ತಯಾರಿಕೆಯ ದಿನಾಂಕ ಮತ್ತು ಬಳಕೆಯ ಅವಧಿಯನ್ನು ನಮೂದಿಸಿರಿ. ಹೆಚ್ಚಿನ ಮಾಹಿತಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರದ ಗೃಹವಿಜ್ಞಾನ ತಜ್ಞರನ್ನು ಸಂಪರ್ಕಿಸಿರಿ.