ಇದು ಬರೀ ಅರಳು ಮರಳಲ್ಲ

ಪೇಟೆಗೆ ಹೋದ ಅಜ್ಜ ಬಸವಕಲ್ಯಾಣದ ತಮ್ಮದೇ ಓಣಿಯ ದಾರಿ ತಪ್ಪುತ್ತಾರೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಬಂದ ಮೊಮ್ಮಗನ ಹೆಸರು ಅಜ್ಜಿಗೆ ನೆನಪಾಗುವುದಿಲ್ಲ. ‘ಅರವತ್ತಕ್ಕೆ ಅರಳು ಮರಳು’ ಎಂದು ಮನೆಯವರು ನಗುತ್ತಾರೆ, ಕೆಲವೊಮ್ಮೆ ಗದರುತ್ತಾರೆ. ಆದರೆ ಇದು ಮಿದುಳಿನ ಕಾಯಿಲೆಯ ಮೊದಲ ಸೂಚನೆಯಾಗಿರಬಹುದು.

ಮಿದುಳಿನಲ್ಲಿ ಆಗುವುದೇನು?

ಜೀವಕೋಶದಲ್ಲಿ ತಯಾರಾಗುವ ಪ್ರೊಟೀನು ಮೊದಲು ಉದ್ದನೆಯ ದಾರದಂತಿರುತ್ತದೆ. ಸಾಮಾನ್ಯವಾಗಿ ಅದು ಸರಿಯಾಗಿ ಮಡಿಚಿಕೊಂಡು ಒಂದು ಆಕಾರ ಪಡೆದರೆ ಮಾತ್ರ ಕೆಲಸಕ್ಕೆ ಬರುತ್ತದೆ. ತಪ್ಪಾಗಿ ಮಡಿಚಿಕೊಂಡದ್ದನ್ನು ಜೀವಕೋಶವೇ ಸರಿಪಡಿಸುತ್ತದೆ, ಇಲ್ಲವೇ ಒಡೆದುಹಾಕುತ್ತದೆ. ವಯಸ್ಸಾದಂತೆ ಈ ಶಕ್ತಿ ಕುಂದುತ್ತದೆ. ಆಗ ಕೆಟ್ಟ ಪ್ರೊಟೀನುಗಳು ಒಂದಕ್ಕೊಂದು ಅಂಟಿ, ಚರಂಡಿಯಲ್ಲಿ ಕಸ ಕಟ್ಟಿಕೊಂಡಂತೆ ಸೇರುತ್ತವೆ; ನರಕೋಶಗಳು ಸಾಯತೊಡಗುತ್ತವೆ. ಆಲ್ಝೈಮರ್ ಕಾಯಿಲೆಯಲ್ಲಿ ಹೀಗೆ ಸೇರುವುದು ಅಮಿಲಾಯ್ಡ್ ಬೀಟಾ ಮತ್ತು ಟಾವ್. ಕೈ ನಡುಗಿಸುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಆಲ್ಫಾ ಸಿನ್ಯೂಕ್ಲಿನ್.

ಪ್ರಯೋಗಾಲಯದ ಪ್ರಯತ್ನ

ಜರ್ಮನಿಯ ವೈದ್ಯ ಆಲ್ಝೈಮರ್ 1906ರಲ್ಲಿ ಈ ಶೇಖರಣೆಯನ್ನು ವಿವರಿಸಿದ್ದು ಮೃತ ರೋಗಿಯ ಮಿದುಳನ್ನು ಪರೀಕ್ಷಿಸಿ. ಇಂದಿಗೂ ಇಂಥ ಸಂಶೋಧನೆಗೆ ಮಿದುಳು ದಾನ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಆರಂಭವಾದ ಮಿದುಳು ಬ್ಯಾಂಕು, ಕುಟುಂಬದವರ ಒಪ್ಪಿಗೆಯಿಂದ ಬಂದ ಮಿದುಳುಗಳನ್ನು ಸಂಶೋಧನೆಗೆ ಕಾಪಾಡುತ್ತದೆ. ಬೆಂಗಳೂರಿನದೇ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ. ಗೋವಿಂದರಾಜು ಅವರ ತಂಡ ರೂಪಿಸಿದ ‘ಟಿಜಿಆರ್63’ ಎಂಬ ಅಣು ಇಲಿಗಳ ಮಿದುಳಿನಲ್ಲಿ ಅಮಿಲಾಯ್ಡ್ ತಗ್ಗಿಸಿತೆಂದು 2021ರಲ್ಲಿ ವರದಿಯಾಯಿತು. ಇಲಿಗೆ ಹಿಡಿಸಿದ ಮದ್ದು ಮನುಷ್ಯನಿಗೆ ಒದಗಲು ದೂರದ ದಾರಿಯಿದೆ. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್ ಕೂಡ ಆರಂಭದ ಹಂತದಲ್ಲಿ ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ, ಅಷ್ಟೇ. ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವೂ ಅದಕ್ಕಿದೆ.

ನೀವೇನು ಮಾಡಬೇಕು?

ಮರೆವೆಲ್ಲವೂ ಆಲ್ಝೈಮರ್ ಅಲ್ಲ. ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ನಿದ್ರೆ ಮಾತ್ರೆ, ಬಿದ್ದು ತಲೆಗೆ ಆದ ಪೆಟ್ಟು – ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆಯಿದೆ, ತಡಮಾಡಿದರೆ ನಷ್ಟ. ಆದ್ದರಿಂದ ಹಿರಿಯರನ್ನು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಗತ್ಯವಿದ್ದರೆ ಬೀದರಿನ ಬ್ರಿಮ್ಸ್‌ಗೆ ಕರೆದೊಯ್ಯಿರಿ. ಅವರು ನುಂಗುವ ಮಾತ್ರೆಗಳೆಲ್ಲ ಜೊತೆಗಿರಲಿ. ಮರೆವು ಎಂದಿನಿಂದ, ಹೇಗೆ ಹೆಚ್ಚಿತು ಎಂಬುದನ್ನು ಬರೆದುಕೊಂಡು ಹೋಗಿ.

ಆಲ್ಝೈಮರ್ ಎಂದೇ ತಿಳಿದುಬಂದರೂ ಗದರಬೇಡಿ. ಕೇಳಿದ್ದನ್ನೇ ಹತ್ತು ಸಲ ಕೇಳುವುದು ಅವರ ಹಟವಲ್ಲ, ಕಾಯಿಲೆಯ ಲಕ್ಷಣ. ಹೆಸರು, ವಿಳಾಸ, ಫೋನ್ ನಂಬರು ಬರೆದ ಚೀಟಿಯೊಂದು ಸದಾ ಅವರ ಜೇಬಿನಲ್ಲೋ ಸೆರಗಿನ ತುದಿಯಲ್ಲೋ ಇರಲಿ.