ಅನುಭವಿ ಚಾಲಕರಿಗೆ ಮತ್ತೊಮ್ಮೆ ಪರೀಕ್ಷೆ

ಬೆಂಗಳೂರಿನ ಮೆಜೆಸ್ಟಿಕ್ ಸುತ್ತ ಹತ್ತು ವರ್ಷ ಕಾರು ನಡೆಸಿದವರಿಗೆ ಜಗತ್ತಿನ ಯಾವ ರಸ್ತೆಯೂ ಕಷ್ಟವಲ್ಲ ಎಂಬ ಮಾತನ್ನು ನೀವೂ ಕೇಳಿರಬಹುದು. ಅಂಥ ಅನುಭವವುಳ್ಳ ಒಬ್ಬ ನರ್ಸ್ ಅಥವಾ ವೈದ್ಯರು ಕರ್ನಾಟಕದಿಂದ ಬ್ರಿಟನ್ನಿಗೆ ಕೆಲಸಕ್ಕೆ ಹೋದರೆನ್ನಿ. ಅಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಓಡುತ್ತವೆ. ಸ್ಟಿಯರಿಂಗ್ ಬಲಗಡೆಯೇ ಇರುತ್ತದೆ. ಆದರೂ 12 ತಿಂಗಳು ಕಳೆದ ಮೇಲೆ ಅವರ ಭಾರತದ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. ಅಲ್ಲಿನ ಹದಿನೇಳರ ಹುಡುಗ ಹುಡುಗಿಯರು ಕೊಡುವ ಪರೀಕ್ಷೆಯನ್ನೇ ಇವರೂ ಕೊಡಬೇಕು. ಎಷ್ಟೋ ಅನುಭವಿಗಳು ಅದರಲ್ಲಿ ನಪಾಸಾಗುವುದೂ ಉಂಟು. ಇದಕ್ಕೆ ಕಾರಣವೇನು?

ಮೊದಲು ನಿಯಮವನ್ನು ನೋಡೋಣ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ನೆಲೆಸಲು ಬಂದವರು ಮೊದಲ 12 ತಿಂಗಳು ತಮ್ಮ ದೇಶದ ಲೈಸೆನ್ಸ್ ಮೇಲೆ ಕಾರು ನಡೆಸಬಹುದು. ಜಪಾನ್, ಆಸ್ಟ್ರೇಲಿಯ, ಕೆನಡ, ಸಿಂಗಪುರ ಮುಂತಾದ ಕೆಲವು ದೇಶಗಳ ಲೈಸೆನ್ಸನ್ನು ಕೊಟ್ಟು ಬ್ರಿಟಿಷ್ ಲೈಸೆನ್ಸ್ ಪಡೆಯಲು ಅವಕಾಶವಿದೆ. ಆ ಪಟ್ಟಿಯಲ್ಲಿ ಭಾರತವಿಲ್ಲ. ಆದ್ದರಿಂದ ನಮ್ಮವರು ನಮ್ಮಲ್ಲಿನ ಎಲ್.ಎಲ್.ಆರ್.ಗೆ ಸಮಾನವಾದ 'ಪ್ರೊವಿಷನಲ್' ಲೈಸೆನ್ಸ್ ಪಡೆದು ಪರೀಕ್ಷೆಗೆ ಸಿದ್ಧರಾಗಬೇಕು. ಹನ್ನೆರಡು ತಿಂಗಳೊಳಗೆ ತೇರ್ಗಡೆಯಾಗದಿದ್ದರೆ ಕಾರಿಗೆ ಕೆಂಪಕ್ಷರದ 'ಎಲ್' ಫಲಕ ಹಚ್ಚಬೇಕು. ಕನಿಷ್ಠ ಮೂರು ವರ್ಷದಿಂದ ಲೈಸೆನ್ಸ್ ಹೊಂದಿರುವ, 21 ವರ್ಷ ದಾಟಿದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೊರಡಬೇಕು.

ಇದು ಕೇವಲ ಮಾನಾಪಮಾನದ ಪ್ರಶ್ನೆಯಲ್ಲ, ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಹಳ್ಳಿಗಾಡಿನ ಮನೆಗಳಿಗೆ ಹೋಗಿ ವೃದ್ಧರ ಶುಶ್ರೂಷೆ ಮಾಡುವವರು, ರಾತ್ರಿ ಪಾಳಿಯ ನರ್ಸ್‌ಗಳು ಬಸ್ಸನ್ನೇ ನಂಬಿ ಕೆಲಸ ಮಾಡುವುದು ಕಷ್ಟ. ಲೈಸೆನ್ಸ್ ಇಲ್ಲದೆ ಕಾರು ನಡೆಸಿದರೆ ವಿಮೆಯ ರಕ್ಷಣೆ ತಪ್ಪುತ್ತದೆ. ಪೊಲೀಸರು ವಾಹನವನ್ನು ವಶಪಡಿಸಿಕೊಳ್ಳಬಹುದು. 2020ರ ಕೋವಿಡ್ ಪಿಡುಗಿನ ನಂತರವಂತೂ ಅನೇಕ ಕೇಂದ್ರಗಳಲ್ಲಿ ಪರೀಕ್ಷೆಯ ದಿನಾಂಕಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. 'ಇನ್ನೂ ವರ್ಷವಿದೆಯಲ್ಲ' ಎಂದು ಸುಮ್ಮನೆ ಕುಳಿತವರ ಪಾಡು ಕೊನೆಗೆ ಇಕ್ಕಟ್ಟಿಗೆ ಬರುತ್ತದೆ.

ಬ್ರಿಟನ್ನಿನಲ್ಲಿ ಚಾಲಕರ ಲೈಸೆನ್ಸ್ ಪದ್ಧತಿ ಬಂದದ್ದು 1903ರ ಕಾನೂನಿನಿಂದ. ಆಗ ಪರೀಕ್ಷೆ ಇರಲಿಲ್ಲ. ಚಾಲನಾ ಪರೀಕ್ಷೆ ಕಡ್ಡಾಯವಾದದ್ದು 1935ರಲ್ಲಿ. 1996ರಲ್ಲಿ ಲಿಖಿತ ಪರೀಕ್ಷೆ ಪ್ರತ್ಯೇಕವಾಯಿತು. ಈಗ ಅದು ಕಂಪ್ಯೂಟರಿನ ಮುಂದೆ ನಡೆಯುತ್ತದೆ. ಐವತ್ತು ಪ್ರಶ್ನೆಗಳಲ್ಲಿ 43ಕ್ಕೆ ಸರಿಯುತ್ತರ ಕೊಡಬೇಕು.

2002ರಲ್ಲಿ ಇದಕ್ಕೆ ಇನ್ನೊಂದು ಭಾಗ ಸೇರಿತು: ಅಪಾಯವನ್ನು ಮುಂಚಿತವಾಗಿ ಗುರುತಿಸುವ ಪರೀಕ್ಷೆ. ದೃಶ್ಯಮಾಧ್ಯಮದಲ್ಲಿ ಕೆಲಸ ಮಾಡುವ ನನಗೆ ಇದು ಬಲು ಸ್ವಾರಸ್ಯವೆನಿಸುತ್ತದೆ. ಚಾಲಕರ ಆಸನದಿಂದ ಕಾಣುವಂತೆ ರಚಿಸಿದ 14 ಚಲನಚಿತ್ರ ತುಣುಕುಗಳನ್ನು ಅಭ್ಯರ್ಥಿಗೆ ತೋರಿಸುತ್ತಾರೆ. ನಿಂತ ವ್ಯಾನಿನ ಹಿಂದಿನಿಂದ ಮಗುವೊಂದು ರಸ್ತೆಗೆ ಇಳಿಯಬಹುದು. ಸೈಕಲ್ ಸವಾರ ಗುಂಡಿ ತಪ್ಪಿಸಲು ಪಕ್ಕಕ್ಕೆ ಸರಿಯಬಹುದು. ಅಪಾಯ ರೂಪುಗೊಳ್ಳುತ್ತಿರುವುದನ್ನು ಕಂಡ ಕೂಡಲೇ ಗುಂಡಿ ಒತ್ತಬೇಕು. ಬೇಗ ಗುರುತಿಸಿದರೆ ಐದು ಅಂಕ. ತಡವಾದಂತೆ ನಾಲ್ಕು, ಮೂರು ಎಂದು ಇಳಿಯುತ್ತದೆ. ಸುಮ್ಮನೆ ಪದೇ ಪದೇ ಒತ್ತುತ್ತಿದ್ದರೆ ಆ ತುಣುಕಿಗೆ ಸೊನ್ನೆ! ಒಟ್ಟು 75ರಲ್ಲಿ 44 ಬಂದರೆ ತೇರ್ಗಡೆ.

ಒಂದೆರಡು ಕ್ಷಣದ ವ್ಯತ್ಯಾಸಕ್ಕೆ ಇಷ್ಟು ಮಹತ್ವವೇಕೆ? ಇಲ್ಲಿ ನೀವು ತರಗತಿಯಲ್ಲಿ ಕಲಿತ ಭೌತಶಾಸ್ತ್ರವನ್ನು ನೆನಪಿಗೆ ತಂದುಕೊಳ್ಳಿ. ಅಪಾಯ ಕಂಡ ಮೇಲೆ ಬ್ರೇಕಿನ ಮೇಲೆ ಕಾಲಿಡುವ ತನಕ ಕಾರು ಓಡುತ್ತಲೇ ಇರುತ್ತದೆ. ಅಲ್ಲಿನ ರಸ್ತೆ ಕೈಪಿಡಿಯ ಪ್ರಕಾರ ಗಂಟೆಗೆ 30 ಮೈಲಿ, ಅಂದರೆ ಸುಮಾರು 48 ಕಿಲೋಮೀಟರ್ ವೇಗದಲ್ಲಿ ಈ ಯೋಚನೆಯ ದೂರ 9 ಮೀಟರ್, ಬ್ರೇಕ್ ಹಾಕಿದ ಮೇಲೆ ಸಾಗುವ ದೂರ 14 ಮೀಟರ್, ಒಟ್ಟು 23. ವೇಗ 60 ಮೈಲಿಯಾದರೆ ಮೊದಲನೆಯದು ಇಮ್ಮಡಿಸಿ 18 ಆಗುತ್ತದೆ. ಎರಡನೆಯದು ಸುಮಾರು ನಾಲ್ಕು ಪಟ್ಟು ಹೆಚ್ಚಿ 55 ಆಗುತ್ತದೆ. ಒಟ್ಟು 73 ಮೀಟರ್. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದೇ ಇದಕ್ಕೆ ಕಾರಣ. ಕೈ ಎಷ್ಟೇ ಪಳಗಿರಲಿ, ಈ ಲೆಕ್ಕ ಬದಲಾಗದು. ಚಾಲಕರ ಕೈಯಲ್ಲಿರುವುದು ಎರಡೇ: ವೇಗ ತಗ್ಗಿಸುವುದು, ಮುಂಚಿತವಾಗಿ ನೋಡುವುದು.

ಕೊನೆಯ ಹಂತ ರಸ್ತೆಯ ಪರೀಕ್ಷೆ. ಮೊದಲಿಗೆ 20 ಮೀಟರ್ ದೂರದ ನಂಬರ್ ಪ್ಲೇಟನ್ನು ಓದಿ ತೋರಿಸಬೇಕು. ಓದಲಾಗದಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಬಳಿಕ ಸುಮಾರು 40 ನಿಮಿಷ ನಿಜವಾದ ವಾಹನಸಂಚಾರದ ನಡುವೆ ಕಾರು ನಡೆಸಬೇಕು. ಸಣ್ಣ ತಪ್ಪುಗಳು 15ರವರೆಗೆ ಕ್ಷಮ್ಯ. ಗಂಭೀರವಾದ ತಪ್ಪು ಒಂದೇ ಒಂದಾದರೂ ನಪಾಸು.

ಅನುಭವಿಗಳು ಎಡವುವುದು ಇಲ್ಲಿಯೇ. ಕ್ಲಚ್ಚು, ಗೇರುಗಳಲ್ಲಿ ಅವರಿಗೆ ತೊಂದರೆಯಿಲ್ಲ. ತೊಂದರೆ ಇರುವುದು ವರ್ಷಗಳಿಂದ ಮೈಗೂಡಿದ ಅಭ್ಯಾಸದಲ್ಲಿ. ನಮ್ಮ ರಸ್ತೆಗಳಲ್ಲಿ ಹಿಂದಿನವರು ಹಾರ್ನ್ ಹಾಕಿ ತಾವಿರುವುದನ್ನು ತಿಳಿಸುತ್ತಾರೆ. ಹೀಗಾಗಿ ಕನ್ನಡಿ ನೋಡುವ ಕೆಲಸವನ್ನು ಕಿವಿಗೆ ಬಿಟ್ಟಿರುತ್ತೇವೆ. ಅಲ್ಲಿ ಹಾರ್ನ್ ಕೇಳುವುದೇ ಅಪರೂಪ. ವೇಗ ಬದಲಿಸುವ ಮೊದಲು, ದಿಕ್ಕು ಬದಲಿಸುವ ಮೊದಲು ಕನ್ನಡಿ ನೋಡಲೇಬೇಕು. ಸರ್ಕಲ್ಲಿನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಮೊದಲು ಮೂತಿ ತೂರಿಸಿದವರಿಗೆ ದಾರಿ ಎಂಬ ಲೆಕ್ಕ ನಡೆಯದು. 2022ರಲ್ಲಿ ಪರಿಷ್ಕರಿಸಿದ ಕೈಪಿಡಿಯ ಪ್ರಕಾರ, ಅಡ್ಡರಸ್ತೆಗೆ ತಿರುಗುವಾಗ ಅದನ್ನು ದಾಟಲು ಕಾದು ನಿಂತ ಪಾದಚಾರಿಗೂ ದಾರಿ ಬಿಡಬೇಕು. ಕೂಡುರಸ್ತೆಗಳಲ್ಲಿ ಸರಿಯಾಗಿ ಗಮನಿಸದಿರುವುದೇ ಅಲ್ಲಿ ನಪಾಸಾಗಲು ಮುಖ್ಯ ಕಾರಣಗಳಲ್ಲೊಂದು.

ಹಾಗೆಂದು ನಮ್ಮ ಚಾಲಕರ ಕೌಶಲ ಕಡಿಮೆ ಎಂದು ತಿಳಿಯಬೇಡಿ. ದಿಢೀರನೆ ಎದುರಾದ ಅಪಾಯದಿಂದ ಪಾರಾಗುವುದರಲ್ಲಿ ನಮ್ಮವರು ನಿಪುಣರು. ಆದರೆ ಆ ಪರೀಕ್ಷೆ ಕೇಳುವುದು ಬೇರೆಯದನ್ನು: ಅಪಾಯ ಎದುರಾಗುವ ಮೊದಲೇ ನೀವು ಅದನ್ನು ಕಂಡಿರಾ? ಈ ಒಂದು ಪ್ರಶ್ನೆಯನ್ನು ಅರ್ಥಮಾಡಿಕೊಂಡು ಹಳೆಯ ಅಭ್ಯಾಸಗಳನ್ನು ಬಿಟ್ಟವರು ಬೇಗನೆ ತೇರ್ಗಡೆಯಾಗುತ್ತಾರೆ.

ನಿಮ್ಮಲ್ಲಿ ಕೆಲವರು ಮುಂದೆ ವಿದೇಶಕ್ಕೆ ಹೋಗಬಹುದು. ಬಹುಪಾಲು ಜನ ಇಲ್ಲಿಯೇ ವಾಹನ ನಡೆಸುವಿರಿ. ಯಾವುದೇ ಆಗಲಿ, ಇಂದೇ ಒಂದು ಪ್ರಯೋಗ ಮಾಡಬಹುದು. ಬಸ್ಸಿನ ಮುಂದಿನ ಆಸನ ಸಿಕ್ಕಾಗ ಹತ್ತು ನಿಮಿಷ ರಸ್ತೆಯನ್ನೇ ಗಮನಿಸಿ. ಚಾಲಕರು ಬ್ರೇಕ್ ಒತ್ತುವ ಮೊದಲೇ 'ಈಗ ಒತ್ತುತ್ತಾರೆ' ಎಂದು ನೀವು ಎಷ್ಟು ಸಲ ಹೇಳಬಲ್ಲಿರಿ, ಎಣಿಸಿ ನೋಡಿ. ಲೈಸೆನ್ಸ್ ಪಡೆಯುವ ವಯಸ್ಸು ಬರುವ ಮೊದಲೇ ಕಲಿಯಬಹುದಾದ ಪಾಠವಿದು.